ಊರಿನ ಶೇಡಿಮಣ್ಣು ಮತ್ತು ವಿರಳ ಭೂಧಾತುಗಳು

ಕೋಪರಿ: ಠಾಣೆ ಪೂರ್ವದ ನಮ್ಮ ಕೋಪರಿ ಪರಿಸರದಲ್ಲಿ ಹಲವು ದಶಕಗಳಿಂದ ನೆಲೆಸಿರುವ, ಮೂಲತಃ ಕಾರ್ಕಳದ ಕಡೆಯ ಹಿರಿಯರೊಬ್ಬರು ಇತ್ತೀಚೆಗೆ ಊರಿನಿಂದ ಮರಳಿದಾಗ, ಪತ್ರಿಕೆಯ ತುಂಡಿನಲ್ಲಿ ಸುತ್ತಿದ್ದ ಬಿಳಿ ಮಣ್ಣಿನ ಹೆಂಟೆಯೊಂದನ್ನು ತಂದು ನನ್ನ ಮುಂದಿಟ್ಟರು. "ಮಾಸ್ಟ್ರೇ, ನೀವು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಈ ಶೇಡಿಯಲ್ಲಿ ರೇರ್ ಅರ್ಥ್ ಉಂಟಂತೆ. ಹೌದಾ?" ಎಂದು ಕೇಳಿದರು.

ಪ್ರಶ್ನೆಯ ಹಿಂದೆ ಒಂದು ಸಂಸಾರದ ಚಿಂತೆ ಅಡಗಿತ್ತು. ಮನೆಯ ಹಿಂದಿನ ಗುಡ್ಡ ಇನ್ನೂ ಪಾಲಾಗಿಲ್ಲ. ದಲ್ಲಾಳಿಯೊಬ್ಬ ಪ್ರಯೋಗಾಲಯದ ವರದಿಯೊಂದನ್ನು ತೋರಿಸಿ, ಎಲ್ಲರೂ ಸಹಿ ಹಾಕಿದರೆ ಗುಡ್ಡಕ್ಕೆ ಮಾರುಕಟ್ಟೆಯ ದರಕ್ಕಿಂತ ಹೆಚ್ಚು ಕೊಡಿಸುವೆನೆಂದು ಹೇಳಿ ಹೋಗಿದ್ದಾನೆ. ಊರಿನಲ್ಲಿರುವ ತಮ್ಮಂದಿರಿಗೆ ಮನಸ್ಸಿದೆ, ಅಕ್ಕನಿಗೆ ಇಲ್ಲ. ಮುಂಬಯಿಯಲ್ಲಿರುವ ಇವರ ಸಹಿಗಾಗಿ ಇಬ್ಬರೂ ಕಾದಿದ್ದಾರೆ. ಇಂತಹ ಸಂದಿಗ್ಧ ನಮ್ಮ ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಇತರ ಮನೆಗಳಿಗೂ ಬರಬಹುದೆಂದು ತೋರಿದ್ದರಿಂದ ಅವರಿಗೆ ಹೇಳಿದುದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ವಿರಳ ಭೂಧಾತುಗಳು ಒಟ್ಟು ಹದಿನೇಳು. ಲ್ಯಾಂಥನಮ್‌ನಿಂದ ಲುಟೀಶಿಯಮ್‌ವರೆಗಿನ ಹದಿನೈದು, ಅವುಗಳ ಜೊತೆಗೆ ಯಿಟ್ರಿಯಮ್ ಮತ್ತು ಸ್ಕ್ಯಾಂಡಿಯಮ್. ಹೆಸರಿನಲ್ಲಿ 'ವಿರಳ' ಎಂದಿದ್ದರೂ ಇವು ಅಷ್ಟೇನೂ ವಿರಳವಲ್ಲ. ಭೂಮಿಯ ಮೇಲ್ಪದರದ ಒಂದು ಟನ್ ಶಿಲೆಯಲ್ಲಿ ಸೀರಿಯಮ್ ಒಂದೇ ಸುಮಾರು 60 ಗ್ರಾಂನಷ್ಟಿರುತ್ತದೆ. ತಾಮ್ರವೂ ಅದಕ್ಕಿಂತ ಹೆಚ್ಚಿಲ್ಲ. ಗುಂಪಿನಲ್ಲಿ ಅತ್ಯಲ್ಪವೆನಿಸುವ ಲುಟೀಶಿಯಮ್ ಕೂಡ ಚಿನ್ನಕ್ಕಿಂತ ನೂರು ಪಟ್ಟಿಗೂ ಅಧಿಕವಾಗಿದೆ. ಎಲ್ಲವನ್ನೂ ಕೂಡಿಸಿದರೆ ಯಾವುದೇ ಸಾಮಾನ್ಯ ಶಿಲೆಯಲ್ಲಿ ಟನ್ನಿಗೆ 150ರಿಂದ 200 ಗ್ರಾಂ ದೊರೆತೀತು. ಆದುದರಿಂದ ಒಬ್ಬರ ಗುಡ್ಡದ ಮಣ್ಣಿನಲ್ಲಿ 'ಟನ್ನಿಗೆ ಕೆಲವು ನೂರು ಗ್ರಾಂ ಇದೆ' ಎಂದು ವರದಿ ಬಂದ ಮಾತ್ರಕ್ಕೆ ಹಿಗ್ಗಬೇಕಾದುದೇನಿಲ್ಲ. ನಾವು ಕೋಪರಿಯಲ್ಲಿ ಕಾಲೂರಿ ನಿಂತಿರುವ ಕರಿಕಲ್ಲಿನಲ್ಲೂ ಇವು ಸ್ವಲ್ಪಮಟ್ಟಿಗೆ ಇದ್ದೇ ಇವೆ.

ಹಾಗಾದರೆ ಜಗತ್ತು ಇವುಗಳಿಗಾಗಿ ಇಷ್ಟು ಹಾತೊರೆಯುವುದೇಕೆ? ವಿದ್ಯುತ್ ವಾಹನದ ಮೋಟಾರು, ಗಾಳಿಯಂತ್ರ, ಕಿವಿಗೆ ಹಾಕುವ ಪುಟ್ಟ ಸ್ಪೀಕರು ಇವುಗಳಲ್ಲಿರುವ ಪ್ರಬಲ ಅಯಸ್ಕಾಂತಕ್ಕೆ ನಿಯೋಡೈಮಿಯಮ್ ಬೇಕು. ಮೋಟಾರು ಕಾದಾಗಲೂ ಆ ಅಯಸ್ಕಾಂತದ ಶಕ್ತಿ ಕುಂದದಿರಲು ಡಿಸ್ಪ್ರೋಸಿಯಮ್ ಅಥವಾ ಟರ್ಬಿಯಮ್‌ನ ಚಿಟಿಕೆ ಬೇಕು. ಡಿಸ್ಪ್ರೋಸಿಯಮ್ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ 'ಸಿಗಲು ಕಷ್ಟವಾದುದು' ಎಂದರ್ಥ. ಹೆಸರಿಟ್ಟವರ ಮಾತು ಸುಳ್ಳಾಗಿಲ್ಲ. 2025ರ ಏಪ್ರಿಲ್ ತಿಂಗಳಲ್ಲಿ ಚೀನಾ ಈ ಎರಡನ್ನೂ ಒಳಗೊಂಡು ಏಳು ಧಾತುಗಳ ರಫ್ತಿಗೆ ಪರವಾನಗಿಯ ಕಟ್ಟುಪಾಡು ವಿಧಿಸಿದಾಗ ನಮ್ಮ ದೇಶದ ವಾಹನ ತಯಾರಕರೂ ಕಳವಳಗೊಂಡುದು ಪತ್ರಿಕೆಗಳಲ್ಲಿ ಬಂದಿತ್ತು. ಭಾರತದಲ್ಲಿ ವಿರಳ ಭೂಧಾತುಗಳಿಲ್ಲವೆಂದಲ್ಲ. ಕೇರಳದ ಚವರ, ತಮಿಳುನಾಡಿನ ಮನವಾಳಕುರಿಚಿ, ಒಡಿಶಾದ ಛತ್ರಪುರದ ಕಡಲ ಮರಳಿನಲ್ಲಿ ಮೊನಜೈಟ್ ಎಂಬ ಖನಿಜವಿದೆ. ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಅದನ್ನು 1909ರಲ್ಲಿ ಗುರುತಿಸಿದವರು ಜರ್ಮನಿಯ ರಸಾಯನಶಾಸ್ತ್ರಜ್ಞ ಶಾಂಬರ್ಗ್. ಈ ಮರಳನ್ನು ಸಂಸ್ಕರಿಸಲೆಂದು 1950ರಲ್ಲಿ ಸ್ಥಾಪನೆಗೊಂಡ ಸರಕಾರಿ ಕಂಪೆನಿ ಐಆರ್‌ಇಎಲ್‌ನ ಮುಖ್ಯ ಕಚೇರಿ ನಮ್ಮ ಮುಂಬಯಿಯ ಪ್ರಭಾದೇವಿಯಲ್ಲಿ, ಸಿದ್ಧಿವಿನಾಯಕ ದೇವಸ್ಥಾನದ ಸಮೀಪದಲ್ಲೇ ಇದೆ. ಮಂಗಳವಾರದ ಸರತಿ ಸಾಲಿನಲ್ಲಿ ನಿಂತವರು ಆ ಫಲಕವನ್ನು ನೋಡಿರಲೂಬಹುದು. ಆದರೆ ಮೊನಜೈಟ್‌ನಲ್ಲಿರುವುದು ಬಹುಪಾಲು ಹಗುರ ಧಾತುಗಳು: ಲ್ಯಾಂಥನಮ್, ಸೀರಿಯಮ್, ನಿಯೋಡೈಮಿಯಮ್. ಡಿಸ್ಪ್ರೋಸಿಯಮ್‌ನಂತಹ ಭಾರ ಧಾತುಗಳು ಅದರಲ್ಲಿ ತೀರಾ ಕಡಿಮೆ. ಸಾಲದೆಂಬಂತೆ ಥೋರಿಯಮ್ ಬೆರೆತಿರುವುದರಿಂದ ಅದು ವಿಕಿರಣಶೀಲ.

ಭಾರ ಧಾತುಗಳು ಜಗತ್ತಿಗೆ ಬಹುಮಟ್ಟಿಗೆ ದೊರೆಯುತ್ತಿರುವುದು ಕೊಳೆತ ಗ್ರಾನೈಟಿನ ಜೇಡಿಮಣ್ಣಿನಿಂದ. ಅಂತಹ ನಿಕ್ಷೇಪ ಮೊದಲು ಪತ್ತೆಯಾದದ್ದು 1969ರಲ್ಲಿ, ದಕ್ಷಿಣ ಚೀನಾದ ಜಿಯಾಂಗ್ಸಿ ಪ್ರಾಂತದ ಲಾಂಗ್‌ನಾನ್ ಎಂಬಲ್ಲಿ. ಅಲ್ಲಿನ ಮಣ್ಣಿನಲ್ಲಿ ಈ ಧಾತುಗಳು ಇರುವುದು ಟನ್ನಿಗೆ ಸಾಮಾನ್ಯವಾಗಿ 500 ಗ್ರಾಂನಿಂದ ಎರಡು ಕಿಲೋಗ್ರಾಂವರೆಗೆ ಮಾತ್ರ. ಮೊನಜೈಟ್‌ನ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಇವೇ ಇರುವಾಗ ಇಷ್ಟು ಬಡ ಮಣ್ಣನ್ನು ಯಾರು ಏಕೆ ಅಗೆಯುತ್ತಾರೆ? ಇದಕ್ಕೆ ಉತ್ತರ ತಿಳಿಯಲು ಕಲ್ಲು ಹೇಗೆ ಮಣ್ಣಾಗುತ್ತದೆ ಎಂಬುದನ್ನು ನೋಡಬೇಕು. ಅದಕ್ಕೆ ಚೀನಾಕ್ಕೆ ಹೋಗಬೇಕಾಗಿಲ್ಲ, ಮತ್ಸ್ಯಗಂಧಾ ರೈಲಿನಲ್ಲಿ ಊರಿಗೆ ಹೊರಟರೆ ಸಾಕು.

ಠಾಣೆ, ಪನವೇಲ್ ದಾಟುವಾಗ ಹಳಿಯ ಪಕ್ಕದಲ್ಲಿ ಕಾಣುವುದು ದಖ್ಖನಿನ ಕರಿಕಲ್ಲು. ರತ್ನಾಗಿರಿಯ ಹೊತ್ತಿಗೆ ಕಡಿದ ದಿಬ್ಬಗಳೆಲ್ಲ ಕೆಂಪೇರುತ್ತವೆ. ಕೊಂಕಣದ ಮರಾಠಿಗರು ಆ ಕಲ್ಲನ್ನು 'ಜಾಂಭಾ' ಎನ್ನುತ್ತಾರೆ, ನಾವು ಜಂಬಿಟ್ಟಿಗೆ ಎನ್ನುತ್ತೇವೆ, ತುಳುವಿನಲ್ಲಿ ಮುರಕಲ್ಲು. ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ 1807ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ನಮ್ಮ ಹಿರಿಯರು ಅವನಿಗಿಂತ ಮೊದಲೇ ಅದನ್ನು ಇಟ್ಟಿಗೆಯೆಂದು ಕರೆದಿದ್ದರು ಎನ್ನಲು ಅಡ್ಡಿಯಿಲ್ಲ. ಸಿಂಧುದುರ್ಗ ಜಿಲ್ಲೆ ದಾಟುವಷ್ಟರಲ್ಲಿ ಅಡಿಯ ಕರಿಕಲ್ಲು ಮುಗಿದು, ಅದಕ್ಕಿಂತ ಬಹಳ ಹಳೆಯ ನೈಸ್ ಮತ್ತು ಗ್ರಾನೈಟ್ ಶಿಲೆಗಳು ಆರಂಭವಾಗುತ್ತವೆ. ಮೇಲಿನ ಕೆಂಪು ಮಾತ್ರ ಮಂಗಳೂರು, ಕಾಸರಗೋಡಿನವರೆಗೂ ಮುಂದುವರಿಯುತ್ತದೆ.

ಕರಾವಳಿಯ ಗುಡ್ಡದಲ್ಲಿ ಬಾವಿ ತೋಡಿದವರಿಗೆ ಇದರ ಒಳಗು ಚೆನ್ನಾಗಿ ಗೊತ್ತು. ಮೇಲೆ ಕೆಲವು ಮೀಟರ್ ಮುರಕಲ್ಲು. ಅದರ ಕೆಳಗೆ ಬಿಳಿ, ನಸುಗೆಂಪು, ಹಳದಿ ಮಿಶ್ರಿತ ಮೆತ್ತನೆಯ ಶೇಡಿಮಣ್ಣು. ಅದಕ್ಕೂ ಕೆಳಗೆ ಅರೆಕೊಳೆತ ಕಲ್ಲು, ಕೊನೆಗೆ ಗಟ್ಟಿ ಬಂಡೆ. ಗೋಡೆಗೆ ಬಳಿಯಲು ಅಜ್ಜಿಯಂದಿರು ತರಿಸುತ್ತಿದ್ದ ಶೇಡಿ ಇದೇ. ಭೂವಿಜ್ಞಾನಿಗಳು ಇದನ್ನು ಲಿಥೋಮಾರ್ಜ್ ಎನ್ನುತ್ತಾರೆ. ಸುರತ್ಕಲ್‌ನ ಎನ್‌ಐಟಿಕೆಯ ಇಂಜಿನಿಯರುಗಳು ತಮ್ಮ ಇಂಗ್ಲಿಷ್ ಪ್ರಬಂಧಗಳಲ್ಲೂ 'ಶೇಡಿ' ಎಂಬ ನಮ್ಮ ಪದವನ್ನೇ ಉಳಿಸಿಕೊಂಡಿರುವುದು ನನಗೆ ಸಂತೋಷ ತಂದ ಸಂಗತಿ.

ಕಲ್ಲು ಶೇಡಿಯಾಗುವುದು ಬಹು ನಿಧಾನದ ಕ್ರಿಯೆ. ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ ಬಾಹುಬಲಿ ಮೂರ್ತಿ ಸುಮಾರು ಆರುನೂರು ಮಳೆಗಾಲಗಳನ್ನು ಕಂಡೂ ಮುಖದ ನಗುವನ್ನು ಉಳಿಸಿಕೊಂಡಿದೆ. ಹಾಗಿರುವಾಗ ಹತ್ತಾರು ಮೀಟರ್ ಆಳಕ್ಕೆ ಶಿಲೆ ಕೊಳೆಯಬೇಕಾದರೆ ಲಕ್ಷಾಂತರ ವರ್ಷಗಳು ಬೇಕು. ಮಳೆನೀರು ಗಾಳಿಯಿಂದ, ಅದಕ್ಕಿಂತ ಹೆಚ್ಚಾಗಿ ಬೇರುಗಳ ಉಸಿರಿನಿಂದ ಇಂಗಾಲಾಮ್ಲವನ್ನು ಹೀರಿ ಕೊಂಚ ಹುಳಿಯಾಗಿ ಕೆಳಗಿಳಿಯುತ್ತದೆ. ಶಿಲೆಯಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಅದರಲ್ಲಿ ಕರಗುತ್ತ, ಸೋಡಿಯಮ್, ಪೊಟ್ಯಾಸಿಯಮ್, ಕ್ಯಾಲ್ಸಿಯಮ್‌ಗಳನ್ನು ನದಿಗೂ ಕಡಲಿಗೂ ಬಿಟ್ಟುಕೊಟ್ಟು ಕೆಯೋಲಿನೈಟ್ ಎಂಬ ಬಿಳಿ ಜೇಡಿಯಾಗಿ ಉಳಿಯುತ್ತದೆ.

ವಿರಳ ಭೂಧಾತುಗಳು ಶಿಲೆಯ ತುಂಬ ಸಮನಾಗಿ ಹರಡಿರುವುದಿಲ್ಲ. ಅಲ್ಲಲ್ಲಿ ಇರುವ ಸಾಸಿವೆಗಿಂತ ಸಣ್ಣ ಹರಳುಗಳಲ್ಲಿ ಅವು ಸೇರಿಕೊಂಡಿರುತ್ತವೆ. ಆ ಹರಳುಗಳಲ್ಲಿ ಎರಡು ಜಾತಿ. ಆಲನೈಟ್, ಅಪಟೈಟ್, ಬ್ಯಾಸ್ಟ್ನಸೈಟ್ ಮೊದಲಾದವು ಹುಳಿನೀರಿಗೆ ಬೇಗ ಸೋಲುತ್ತವೆ. ಜಿರ್ಕಾನ್, ಮೊನಜೈಟ್, ಝೆನೋಟೈಮ್‌ಗಳು ಸುಲಭಕ್ಕೆ ಜಗ್ಗುವುದಿಲ್ಲ. ಬಂಡೆಯೆಲ್ಲ ಮಣ್ಣಾದರೂ ಮೊಂಡ ಕಾಳುಗಳಂತೆ ಹಾಗೆಯೇ ಕುಳಿತಿರುತ್ತವೆ. ಸೋತ ಹರಳುಗಳಿಂದ ಬಿಡುಗಡೆಯಾದ ಧಾತುಗಳು ಮೂರು ಧನ ಆವೇಶಗಳನ್ನು ಹೊತ್ತ ಅಯಾನುಗಳಾಗಿ ನೀರಿನೊಡನೆ ಕೆಳಗೆ ಪ್ರಯಾಣ ಬೆಳೆಸುತ್ತವೆ. ಮೇಲ್ಮಣ್ಣಿನಲ್ಲಿ ಹುಳಿ ಹೆಚ್ಚು, ಅಲ್ಲಿ ಅವು ನಿಲ್ಲಲಾರವು. ಆಳಕ್ಕೆ ಇಳಿದಂತೆ ನೀರಿನ ಹುಳಿ ತಗ್ಗುತ್ತದೆ. ಆಗ ಕೆಯೋಲಿನೈಟ್ ಮತ್ತು ಅದರ ಸಂಬಂಧಿಯಾದ ಹ್ಯಾಲಾಯ್ಸೈಟ್ ಕಣಗಳ ಮೈಮೇಲಿರುವ ಋಣ ಆವೇಶ ಈ ಅಯಾನುಗಳನ್ನು ಸೆಳೆದು ಅಂಟಿಸಿಕೊಳ್ಳುತ್ತದೆ. ಗಮನಿಸಬೇಕಾದುದೆಂದರೆ, ಇಲ್ಲಿ ಧಾತು ಹರಳಿನ ಒಳಗೆ ಬಂಧಿಯಾಗಿಲ್ಲ, ಕಣದ ಹೊರಮೈಗೆ ತಾಗಿಕೊಂಡಿದೆಯಷ್ಟೆ. ಒದ್ದೆ ಬಟ್ಟೆಗೆ ಹಿಟ್ಟು ಮೆತ್ತಿಕೊಂಡಂತೆ.

ಈ ಪ್ರಯಾಣದಲ್ಲಿ ಒಂದು ಧಾತು ಮಾತ್ರ ಒಡಹುಟ್ಟಿದವರ ಜೊತೆ ಹೋಗುವುದಿಲ್ಲ. ಅದು ಸೀರಿಯಮ್. ಗಾಳಿಯಾಡುವ ಮೇಲ್ಪದರದಲ್ಲಿ ಅದು ಆಮ್ಲಜನಕದ ಪ್ರಭಾವಕ್ಕೆ ಸಿಕ್ಕಿ ನಾಲ್ಕನೆಯ ಆವೇಶವನ್ನೂ ಪಡೆದು, ನೀರಿನಲ್ಲಿ ಕರಗದ ಆಕ್ಸೈಡ್ ಆಗಿ ಅಲ್ಲಿಯೇ ಉಳಿದುಬಿಡುತ್ತದೆ. ಹೀಗಾಗಿ ಮೇಲಿನ ಕೆಂಪು ಪದರದಲ್ಲಿ ಸೀರಿಯಮ್ ಲೆಕ್ಕಕ್ಕಿಂತ ಹೆಚ್ಚು, ಕೆಳಗಿನ ಜೇಡಿಯಲ್ಲಿ ಲೆಕ್ಕಕ್ಕಿಂತ ಕಡಿಮೆ. ಒಂದು ಗುಡ್ಡದಲ್ಲಿ ಧಾತುಗಳು ನಿಜವಾಗಿ ಕರಗಿ ಇಳಿದಿವೆಯೋ ಇಲ್ಲವೋ ಎಂಬುದಕ್ಕೆ ಭೂರಸಾಯನಜ್ಞರು ಮೊದಲು ಹುಡುಕುವ ಗುರುತು ಇದೇ. ಫ್ರಾನ್ಸಿನ ಜಾನ್ ಜಾಕ್ ಬ್ರೌನ್ ಮತ್ತು ಸಂಗಡಿಗರು 1990ರಲ್ಲಿ ಆಫ್ರಿಕಾದ ಕ್ಯಾಮರೂನಿನ ಮುರಕಲ್ಲಿನ ನೆಲದಲ್ಲಿ ಈ ಸೀರಿಯಮ್ ಶೇಖರಣೆಯನ್ನು ವಿವರಿಸಿದ್ದರು.

ಅದೇ ಬ್ರೌನ್ ಅನಂತರ ಕರ್ನಾಟಕಕ್ಕೆ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರೆಂಚ್ ವಿಜ್ಞಾನಿಗಳು ಜೊತೆಗೂಡಿ ಬಂಡೀಪುರ ಅರಣ್ಯದ ಮೂಲೆಹೊಳೆಯಲ್ಲಿ ಸುಮಾರು 4 ಚದರ ಕಿಲೋಮೀಟರಿನ ಪುಟ್ಟ ಜಲಾನಯನವೊಂದನ್ನು ಆರಿಸಿಕೊಂಡು, ಬೀಳುವ ಮಳೆ, ಹರಿಯುವ ನೀರು, ಕೊಳೆಯುವ ಕಲ್ಲು ಎಲ್ಲಕ್ಕೂ ಜಮಾಖರ್ಚು ಬರೆದರು. ಮೈಸೂರಿನಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹಾದಿಯಲ್ಲಿ ಬರುವ ಚೆಕ್‌ಪೋಸ್ಟಿನ ಊರು ಅದು. 2009ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಅಲ್ಲಿ ನೈಸ್ ಶಿಲೆಯ ಮೇಲಿನ ಕೊಳೆತ ಹೊದಿಕೆಯ ಸರಾಸರಿ ದಪ್ಪ ಸುಮಾರು 17 ಮೀಟರ್. ಅದರಲ್ಲಿ ಮಣ್ಣೆನ್ನಬಹುದಾದುದು ಮೇಲಿನ 2 ಮೀಟರ್ ಮಾತ್ರ, ಉಳಿದುದು ಕಲ್ಲಿನ ರೂಪವನ್ನು ಇನ್ನೂ ಬಿಡದ ಅರೆಕೊಳೆತ ಪದರ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 1100 ಮಿಲಿಮೀಟರಿನ ಆಸುಪಾಸು. ಕರಾವಳಿಯಲ್ಲಿ ಅದರ ಮೂರು ಪಟ್ಟಿಗೂ ಮಿಕ್ಕಿ ಬೀಳುವುದರಿಂದ ನಮ್ಮ ಗುಡ್ಡಗಳು ಇನ್ನೂ ಹೆಚ್ಚು ತೊಳೆದುಹೋಗಿವೆ. ಮಳೆ ಹೆಚ್ಚಾದರೆ ಒಳ್ಳೆಯದೇ ಎಂದು ಭಾವಿಸಬೇಕಾಗಿಲ್ಲ. ಧಾತುವನ್ನು ಹರಳಿನಿಂದ ಬಿಡಿಸಲು ನೀರು ಬೇಕು, ಆದರೆ ಅತಿಯಾಗಿ ತೊಳೆದರೆ ಜೇಡಿಗೆ ಅಂಟಿದ್ದೂ ಹೊಳೆ ಸೇರುತ್ತದೆ. ಬುಡದ ಶಿಲೆ, ಅದರೊಳಗಿನ ಹರಳಿನ ಜಾತಿ, ನೀರಿನ ಹುಳಿ, ಗುಡ್ಡದ ಇಳಿಜಾರು ಇಷ್ಟೂ ಕೂಡಿಬಂದಲ್ಲಿ ಮಾತ್ರ ಲಾಂಗ್‌ನಾನ್ ಹುಟ್ಟುತ್ತದೆ. ಮಾಥೇರಾನ್ ಗುಡ್ಡದ ಕೆಂಪು ಧೂಳನ್ನು ಬೂಟಿಗೆ ಮೆತ್ತಿಸಿಕೊಂಡು ಬಂದ ನಮ್ಮ ಮಕ್ಕಳು ಕೇಳಿದರೆ ಹೇಳಬಹುದು: ಅದೂ ಜಂಬಿಟ್ಟಿಗೆಯೇ, ಆದರೆ ಕರಿಕಲ್ಲಿನಿಂದ ಹುಟ್ಟಿದ್ದು. ಕರಿಕಲ್ಲಿನಲ್ಲಿ ಈ ಧಾತುಗಳು ಗ್ರಾನೈಟಿನಲ್ಲಿರುವುದಕ್ಕಿಂತ ಸಾಮಾನ್ಯವಾಗಿ ಕಡಿಮೆ.

ಈಗ ಹಿರಿಯರು ತಂದ ವರದಿಗೆ ಬರೋಣ. ಅದರಲ್ಲಿದ್ದುದು ಮಣ್ಣನ್ನು ತೀಕ್ಷ್ಣ ಆಮ್ಲದಲ್ಲಿ ಪೂರ್ತಿ ಕರಗಿಸಿ ಅಳೆದ ಒಟ್ಟು ಪ್ರಮಾಣ. ಹಾಗೆ ಅಳೆದಾಗ ಜೇಡಿಗೆ ಅಂಟಿದ ಧಾತುವೂ, ಮೊನಜೈಟಿನ ಮೊಂಡ ಕಾಳಿನೊಳಗಿನ ಧಾತುವೂ, ಮೇಲೆ ಉಳಿದ ಸೀರಿಯಮ್ ಕೂಡ ಒಂದೇ ಸಂಖ್ಯೆಯಲ್ಲಿ ಸೇರಿಹೋಗುತ್ತವೆ. ಚೀನಾದ ಬಡ ಮಣ್ಣು ಬೆಲೆಬಾಳುವುದು ಅಲ್ಲಿನ ಧಾತುಗಳಲ್ಲಿ ಹೆಚ್ಚಿನ ಪಾಲು ಸಡಿಲವಾಗಿ ಅಂಟಿಕೊಂಡಿರುವುದರಿಂದ. ಅಮೋನಿಯಮ್ ಸಲ್ಫೇಟ್ ಎಂಬ ಸಾಧಾರಣ ಗೊಬ್ಬರದ ಉಪ್ಪನ್ನು ನೀರಿನಲ್ಲಿ ಕಲಸಿ ಹಾಯಿಸಿದರೆ ಸಾಕು: ಮೂರು ಅಮೋನಿಯಮ್ ಅಯಾನುಗಳು ಬಂದು ಕೂರುತ್ತವೆ, ಒಂದು ವಿರಳ ಭೂಧಾತುವಿನ ಅಯಾನು ಎದ್ದು ನೀರಿಗಿಳಿಯುತ್ತದೆ. ಕಲ್ಲು ಕುಟ್ಟುವುದು, ಕುಲುಮೆ ಉರಿಸುವುದು ಯಾವುದೂ ಬೇಡ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಎಷ್ಟಿದೆ ಎಂಬುದಲ್ಲ, ಉಪ್ಪುನೀರಿಗೆ ಎಷ್ಟು ಬಿಟ್ಟುಕೊಡುತ್ತದೆ ಎಂಬುದು. ಅದರಲ್ಲಿ ಭಾರ ಧಾತುಗಳೆಷ್ಟು ಎಂಬುದು ಎರಡನೆಯ ಪ್ರಶ್ನೆ. ಹಿರಿಯರ ಕೈಯಲ್ಲಿದ್ದ ಕಾಗದದಲ್ಲಿ ಈ ಎರಡಕ್ಕೂ ಉತ್ತರವಿರಲಿಲ್ಲ. ಮಾದರಿಯನ್ನು ಎಷ್ಟು ಆಳದಿಂದ ತೆಗೆದರೆಂಬುದನ್ನೂ ಬರೆದಿರಲಿಲ್ಲ.

"ಅಷ್ಟು ಸುಲಭವಾದರೆ ತೆಗೆಯಬಹುದಲ್ಲ?" ಎಂದು ಅವರು ಕೇಳಿದರು. ಸುಲಭವಾಗಿರುವುದೇ ತೊಂದರೆಗೂ ಕಾರಣ. ಜಿಯಾಂಗ್ಸಿಯಲ್ಲಿ ಮೊದಮೊದಲು ಗುಡ್ಡದ ಮಣ್ಣನ್ನೆಲ್ಲ ಕೆರೆದು ತೊಟ್ಟಿಗೆ ತುಂಬಿ ತೊಳೆದರು, ಬೆಟ್ಟಗಳು ಬೋಳಾದವು. ಆಮೇಲೆ ಗುಡ್ಡವನ್ನು ಹಾಗೆಯೇ ಬಿಟ್ಟು, ನೆತ್ತಿಯಲ್ಲಿ ರಂಧ್ರಗಳನ್ನು ಕೊರೆದು ಉಪ್ಪುನೀರು ಸುರಿದು ಬುಡದಲ್ಲಿ ಸಂಗ್ರಹಿಸುವ ಕ್ರಮ ಬಂದಿತು. ಬುಡದಲ್ಲಿ ಸಿಗದೆ ತಪ್ಪಿಸಿಕೊಂಡ ಅಮೋನಿಯಾ ಅಂತರ್ಜಲಕ್ಕೂ ತೊರೆಗೂ ಸೇರಿತು, ನೀರು ಕುಡಿದು ಭಾರವಾದ ಗುಡ್ಡಗಳು ಅಲ್ಲಲ್ಲಿ ಕುಸಿದವು. ಚೀನಾ ತನ್ನಲ್ಲಿ ಬಿಗಿ ಮಾಡಿದ ಮೇಲೆ ಈ ಕಸುಬು ಗಡಿ ದಾಟಿ ಮ್ಯಾನ್ಮಾರಿನ ಕಾಚಿನ್ ಪ್ರಾಂತಕ್ಕೆ ಹೋಯಿತು. 2024ರ ಅಕ್ಟೋಬರಿನಲ್ಲಿ ಅಲ್ಲಿನ ಬಂಡುಕೋರ ಸೇನೆ ಪಾಂಗ್ವಾ ಪಟ್ಟಣವನ್ನು ವಶಪಡಿಸಿಕೊಂಡಾಗ ಜಗತ್ತಿನ ಡಿಸ್ಪ್ರೋಸಿಯಮ್ ಮಾರುಕಟ್ಟೆಯೇ ಅತ್ತ ತಿರುಗಿ ನೋಡಿತು.

ನಮ್ಮ ಕರಾವಳಿಯ ಶೇಡಿಯ ಸ್ವಭಾವವನ್ನು ಬಲ್ಲವರಿಗೆ ಇಲ್ಲಿನ ಅಪಾಯ ಕೂಡಲೇ ಹೊಳೆಯುತ್ತದೆ. ಒಣಗಿದಾಗ ಗಟ್ಟಿಯಾಗಿ ನಿಲ್ಲುವ ಶೇಡಿ ನೀರು ತುಂಬಿದಾಗ ಬಲ ಕಳೆದುಕೊಳ್ಳುತ್ತದೆ. ರಸ್ತೆಗಾಗಿಯೋ ಮನೆಯ ಅಡಿಪಾಯಕ್ಕಾಗಿಯೋ ಗುಡ್ಡದ ಬುಡ ಕಡಿದಲ್ಲಿ ಮೇಲಿನ ಮುರಕಲ್ಲು ಗಟ್ಟಿಯಾಗಿದ್ದರೂ ಕೆಳಗಿನ ಶೇಡಿ ಜಾರಿ, ಆಟಿ ತಿಂಗಳ ಮಳೆಗೆ ಎಲ್ಲವೂ ಒಟ್ಟಿಗೆ ಬರುವುದನ್ನು ನಾವು ವರ್ಷವೂ ಕೇಳುತ್ತಿದ್ದೇವೆ. ಕೊಂಕಣ ರೈಲ್ವೆಯ ಕಾಮಗಾರಿಯಲ್ಲಿ ಗಟ್ಟಿ ಕರಿಕಲ್ಲನ್ನು ಕೊರೆಯುವುದಕ್ಕಿಂತ ಗೋವೆಯ ಪೆಡ್ಣೆಯ ನೀರೂರುವ ಮೆದು ಮಣ್ಣಿನ ಸುರಂಗವೇ ಹೆಚ್ಚು ಕಾಡಿತ್ತು. 1998ರ ಜನವರಿಯಲ್ಲಿ ಮಾರ್ಗ ಪೂರ್ತಿಯಾಗಲು ತಡವಾದುದಕ್ಕೆ ಅದೂ ಒಂದು ಕಾರಣ. ಬಯಸುವ ಅಯಾನುಗಳು ಕೂರುವುದು ಇಂತಹ ಪದರದಲ್ಲಿಯೇ. ಮುರಕಲ್ಲಿನಲ್ಲಿ ಇಳಿದ ನೀರು ಬಾವಿಗೆ, ಒರತೆಗೆ ಸೇರುವ ದಾರಿಯೂ ಇದನ್ನು ಸವರಿಕೊಂಡೇ ಹೋಗುತ್ತದೆ. ಕಾಸರಗೋಡು, ಬಂಟ್ವಾಳಗಳ ಕೃಷಿಕರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ಆ ನೀರನ್ನೇ ತೋಟಕ್ಕೆ ತಂದವರು. ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಹೀಗೆ ಸುರಂಗ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದುದಕ್ಕೆ 2022ರಲ್ಲಿ ಪದ್ಮಶ್ರೀ ಪುರಸ್ಕಾರ ಬಂದಿತು. ಗುಡ್ಡಕ್ಕೆ ಅಮೋನಿಯಾ ಹಾಯಿಸಿದರೆ ಸುರಂಗದಲ್ಲಿ ಜಿನುಗುವುದು ಏನೆಂದು ಬೇರೆ ಹೇಳಬೇಕಾಗಿಲ್ಲ. ಅಮೋನಿಯಮ್ ಬದಲು ಮೆಗ್ನೀಸಿಯಮ್ ಉಪ್ಪು ಬಳಸುವ ಕ್ರಮವೂ ಈಗ ಇದೆ. ನೀರಿಗೆ ಅದರ ಹಾನಿ ಕಡಿಮೆ, ಆದರೆ ಗುಡ್ಡ ನೆನೆಯುವುದು ನೆನೆಯುವುದೇ.

ದೇಶಕ್ಕೆ ಈ ಧಾತುಗಳು ಬೇಡವೆಂದು ನಾನು ಹೇಳುತ್ತಿಲ್ಲ. ವಿಶಾಖಪಟ್ಟಣದಲ್ಲಿ ಅಯಸ್ಕಾಂತದ ಸರಕಾರಿ ಘಟಕವೊಂದು 2023ರಲ್ಲಿ ಲೋಕಾರ್ಪಣೆಗೊಂಡಿದೆ, 2025ರಲ್ಲಿ ಮಹತ್ವದ ಖನಿಜಗಳ ರಾಷ್ಟ್ರೀಯ ಅಭಿಯಾನವೂ ಆರಂಭವಾಗಿದೆ. ಹಳೆಯ ಮೋಟಾರು, ಗಣಕಯಂತ್ರಗಳಿಂದ ಅಯಸ್ಕಾಂತಗಳನ್ನು ಮರಳಿ ಪಡೆಯುವ ಕೆಲಸಕ್ಕೂ ಬೆಲೆ ಬಂದಿದೆ. ಶೇಡಿಯ ಗುಡ್ಡ ಅಗೆಯುವುದಕ್ಕೆ ಮುಂಚೆ ಅತ್ತ ನೋಡುವುದು ಲೇಸೆಂಬುದು ನನ್ನ ಅಭಿಪ್ರಾಯ. ಕಾನೂನಿನ ಸಂಗತಿಯೂ ತಿಳಿದಿರಲಿ. 2023ರ ತಿದ್ದುಪಡಿಯ ಅನಂತರ ಯುರೇನಿಯಮ್, ಥೋರಿಯಮ್ ಇಲ್ಲದ ವಿರಳ ಭೂಖನಿಜಗಳ ಗಣಿ ಗುತ್ತಿಗೆಯನ್ನು ಹರಾಜು ಹಾಕುವ ಅಧಿಕಾರ ಕೇಂದ್ರ ಸರಕಾರದ್ದು. ಜಾಗ ಕೈಗೆ ಬಂದ ಮಾತ್ರಕ್ಕೆ ದಲ್ಲಾಳಿಯಾಗಲಿ ಅವನ ಹಿಂದಿರುವವರಾಗಲಿ ಶೇಡಿಯಿಂದ ಧಾತು ತೆಗೆದು ಮಾರುವಂತಿಲ್ಲ. ಹಾಗಿದ್ದೂ ದುಬಾರಿ ಬೆಲೆಗೆ ಗುಡ್ಡ ಕೇಳುವವರ ಕಣ್ಣು ಮುರಕಲ್ಲಿನ ಮೇಲೋ, ರಸ್ತೆಯಂಚಿನ ಸಮತಟ್ಟು ಜಾಗದ ಮೇಲೋ ಇದ್ದೀತು ಎಂಬ ಸಂಶಯವನ್ನು ಹಿರಿಯರ ಮುಂದೆ ಹೇಳಿದೆ. ಅವರು ಮರುಮಾತಾಡದೆ ವರದಿಯನ್ನು ಮಡಚಿ ಜೇಬಿಗಿಟ್ಟರು.

ಹೆಂಟೆ ಇನ್ನೂ ಮೇಜಿನ ಮೇಲಿತ್ತು. ಅಂಗೈಯಗಲದ ಗಟ್ಟಿ ಹೆಂಟೆ. ಅದರ ಒಂದು ಚೂರನ್ನು ಮುರಿದು ನೀರು ತುಂಬಿದ ಗಾಜಿನ ಲೋಟಕ್ಕೆ ಹಾಕಿದೆವು. ಮೊದಲು ಸಣ್ಣ ಗುಳ್ಳೆಗಳೆದ್ದವು, ಆಮೇಲೆ ಅಂಚುಗಳು ಉದುರತೊಡಗಿದವು. ಮನೆಯಾಕೆ ಕೊಟ್ಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಚೂರು ಕಾಣಿಸದಾಗಿ, ತಳದಲ್ಲಿ ಬಿಳಿ ರಾಡಿ ಮಾತ್ರ ಉಳಿದಿತ್ತು. "ಅಕ್ಕನ ಮನೆ ಆ ಗುಡ್ಡದ ಬುಡದಲ್ಲೇ ಇರುವುದು ಮಾಸ್ಟ್ರೇ" ಎಂದರು ಅವರು, ಲೋಟವನ್ನು ನೋಡುತ್ತ.